ಬಾಲ್ಟಿಮೋರಿನ ಮೂರು ಮೆಟ್ಟಿಲು

ಗಾರ್ವಕ್ ಬೀದಿ ಬಾಲ್ಟಿಮೋರ್ ಆಗಿ ಎರಡು ದಿನವಾಗಿತ್ತು. ಬೆಳಗಿನ ಐದೂವರೆಯ ಬೆಳಕಿಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿಲ್ಲವೆಂದು ಮೈರಿಗೆ ಅನ್ನಿಸಿತು. ಅದು ಎಂದಿನ ಹಾಗೆ ಗ್ಲಾಸ್ಗೋದ ಬೆಳಕಾಗಿಯೇ ಸಾಲು ಚಿಮಣಿಗಳ ಮೇಲೆ ಸ್ವಲ್ಪ ಹೊತ್ತು ಕೂತು, ಕೆಂಪು ಕಲ್ಲಿನ ಅಂತಸ್ತುಗಳನ್ನು ಒಂದೊಂದಾಗಿ ಇಳಿದು, ಕೆಳಗೆ ಬಂದಾಗ ಅಲ್ಲಿದ್ದ ಅಮೆರಿಕದ ನೀಲಿ ಅಂಚೆಪೆಟ್ಟಿಗೆಯನ್ನೂ ಬೀದಿಯುದ್ದ ಚಾಚಿಕೊಂಡಿದ್ದ ಕಂದು ಕಾರನ್ನೂ ಕಂಡು ಬೇರೆಯವರ ಮನೆಗೆ ನುಗ್ಗಿದವರಂತೆ ತಡೆದು ನಿಂತಿತ್ತು. ಪ್ರತಿ ಬಾಗಿಲಿನ ಮುಂದೆಯೂ ಮೂರು ಮೂರು ಅಮೃತಶಿಲೆಯ ಮೆಟ್ಟಿಲುಗಳು ಬಂದು ಕೂತಿದ್ದವು. ಅಮೃತಶಿಲೆಯೆಂದರೆ ಪ್ಲಾಸ್ಟರು, ಅದರ ಮೇಲೆ ಬಿಳಿ ಎಣ್ಣೆಬಣ್ಣ, ಅದರ ಮೇಲೆ ಐವತ್ತು ವರ್ಷದ ಕೊಳೆ. ಆ ಕೊಳೆಯನ್ನು ಬಣ್ಣದ ಟ್ಯಾಮ್ ಎರಡು ದಿನ ಮೊಣಕಾಲೂರಿ ಬಳಿದಿದ್ದ: ಚಹಾದ ಡಿಕಾಕ್ಷನ್, ಇದ್ದಿಲ ಪುಡಿ, ಕಂದು ಬಣ್ಣ. ಚಿತ್ರೀಕರಣ ಮುಗಿದ ಮೇಲೆ ಬೀದಿಯನ್ನು ಇದ್ದ ಹಾಗೆ ಒಪ್ಪಿಸಬೇಕಾದ್ದರಿಂದ ಎಲ್ಲವೂ ನೀರಿಗೆ ಬಿಡುವಂಥದ್ದು. ಏಳು ಗಂಟೆಗೆ ಉಳಿದವರು ಬರುವ ತನಕ ಇದನ್ನೆಲ್ಲ ಕಾಯುವುದು ಇವತ್ತು ಮೈರಿಯ ಕೆಲಸ. ‘ಏನೂ ಮುಟ್ಬೇಡ. ಕನಸು ಕಾಣ್ಬೇಡ. ಸುಮ್ನೆ ಕೂತಿರು,’ ಎಂದು ಅವಳ ಮೇಲಿನವನಾದ ಫ್ರೇಜರ್ ಬೇರ್ಡ್ ನಿನ್ನೆ ಮೂರು ಬೆರಳು ಮಡಚಿ ಹೇಳಿದ್ದ. ಅವಳು ನಾಚಿ ನಕ್ಕಿದ್ದಳು. ನಗಬಾರದಿತ್ತು ಎಂದು ಆಮೇಲೆ ಬಸ್ಸಿನಲ್ಲಿ ಅನ್ನಿಸಿತ್ತು.

ಆರು ತಿಂಗಳಿಂದ ಅವಳು ಮಾಡುತ್ತಿದ್ದುದು ಊರುಗಳಿಗೆ ಜೋಡಿ ಕೂಡಿಸುವ ಕೆಲಸ. ಅಮೆರಿಕದ ಯಾವ ಊರಿಗೆ ಯುರೋಪಿನ ಯಾವ ಊರು ಹೊಂದುತ್ತದೆ, ಯಾವ ಬೀದಿಯನ್ನು ಯಾವ ಬೀದಿಯೆಂದು ಕ್ಯಾಮೆರಾಕ್ಕೆ ನಂಬಿಸಬಹುದು ಎಂದು ಫೋಟೋಗಳನ್ನು ಎಡಬಲ ಇಟ್ಟು ನೋಡುವುದು. ಹೆಣ್ಣು ಗಂಡು ನೋಡುವ ಹಿರಿಯರ ಹಾಗೆ ಎತ್ತರ, ಮೈಬಣ್ಣ, ನಡಿಗೆ ಎಲ್ಲ ಅಳೆಯಬೇಕು. ಸ್ಯಾನ್ ಫ್ರಾನ್ಸಿಸ್ಕೋಗೆ ಲಿಸ್ಬನ್: ಅದೇ ಏರು, ಅದೇ ಟ್ರ್ಯಾಮಿನ ಗಂಟೆ, ಅದೇ ಕೆಂಪು ಸೇತುವೆ, ನೋಡಿದ ಕೂಡಲೇ ಹೇಳಿಬಿಡಬಹುದಾದ ಅವಳಿಗಳು. ಬಾಸ್ಟನ್ನಿಗೆ ಎಡಿನ್ಬರೋ ಎಂದು ಅವಳು ಬರೆದದ್ದು ಕಟ್ಟಡ ನೋಡಿ ಅಲ್ಲ. ಎರಡೂ ಬಹಳ ಓದಿಕೊಂಡ, ಅದನ್ನು ಮರೆಯಲಾರದ, ಪಕ್ಕದ ಮನೆಯವರನ್ನು ಮೂಗಿನ ತುದಿಯಿಂದ ನೋಡುವ ಚಿಕ್ಕಮ್ಮಂದಿರ ಹಾಗೆ ಕಂಡಿದ್ದವು. ಷಿಕಾಗೋಗೆ ತನ್ನ ಗ್ಲಾಸ್ಗೋವೇ. ಇಬ್ಬರಿಗೂ ನೇರ ಬೀದಿ, ಒರಟು ಬಾಯಿ, ಮೂಲೆ ತಿರುಗಿದರೆ ಟೋಪಿ ಕಸಿಯುವ ಗಾಳಿ. ಈ ಹುಚ್ಚು ಅವಳಿಗೆ ಅಂಟಿದ್ದು ಅಜ್ಜಿಯಿಂದ. ಊರುಗಳೆಲ್ಲ ಹುಟ್ಟುವಾಗ ಎರಡೆರಡಾಗಿಯೇ ಹುಟ್ಟುತ್ತವೆ ಕಣೇ, ಅನ್ನುತ್ತಿದ್ದಳು ಅಜ್ಜಿ. ಒಂದನ್ನು ತಾಯಿ ತೊಟ್ಟಿಲಲ್ಲಿ ಇಟ್ಟುಕೊಂಡಳು. ಹಾಲು ಸಾಲದೆ ಇನ್ನೊಂದನ್ನು ಶಾಲಿನಲ್ಲಿ ಸುತ್ತಿ ಹಡಗಿಗೆ ಕೊಟ್ಟಳು. ಆ ಕಡೆ ದಡದಲ್ಲಿ ಬೆಳೆದ ಕೂಸಿಗೆ ತನ್ನ ಅವಳಿ ಗೊತ್ತಿಲ್ಲ. ಆದರೂ ಇಲ್ಲಿ ಮಂಜು ಬಿದ್ದರೆ ಅಲ್ಲಿ ಸೀನುತ್ತದೆ. ಆರು ವರ್ಷದ ಮೈರಿ ಒಂದಿಡೀ ಚಳಿಗಾಲ ಸಮುದ್ರದ ಕಡೆಯಿಂದ ಸೀನು ಬರುತ್ತದೋ ಎಂದು ಕಿಟಕಿಗೆ ಕಿವಿ ಹಚ್ಚಿ ಕೇಳಿದ್ದಳು.

ಬಾಲ್ಟಿಮೋರಿಗೆ ಗಾರ್ವಕ್ ಬೀದಿ ಎಂದದ್ದೂ ಅವಳೇ. ಹನ್ನೊಂದು ಜನ ಕೂತಿದ್ದ ಮೇಜಿನ ಸುತ್ತ ಎಲ್ಲರೂ ಲಿವರ್‌ಪೂಲ್ ಎನ್ನುತ್ತಿದ್ದಾಗ ಅವಳು ಕೈಯೆತ್ತಿ, ಅಲ್ಲಿಯದು ಇಟ್ಟಿಗೆ, ಇಲ್ಲಿಯದು ಕಲ್ಲು, ಆದರೂ ಎರಡು ಕಡೆಯ ಬಾಗಿಲುಗಳೂ ಬೀದಿಗೆ ಬಂದು ಮಾತಿಗೆ ಕೂತ ಹಾಗಿವೆ ಎಂದುಬಿಟ್ಟಿದ್ದಳು. ಯಾರೋ ಪಕ್ಕನೆ ನಕ್ಕರು. ಅಮೆರಿಕದಿಂದ ಬಂದಿದ್ದ ಕಲಾ ನಿರ್ದೇಶಕ ವಾರೆನ್ ಪ್ರುಯಿಟ್ ಮಾತ್ರ ನಗದೆ ಫೋಟೋವನ್ನು ಬಹಳ ಹೊತ್ತು ಹಿಡಿದಿದ್ದು, ‘ಹತ್ತಿರ ಇದೆ,’ ಎಂದಿದ್ದ. ‘ಅದೇ’ ಅನ್ನಲಿಲ್ಲ, ‘ಹತ್ತಿರ’ ಅಂದ. ಅವನು ಬಾಲ್ಟಿಮೋರಿನಲ್ಲೇ ಹುಟ್ಟಿದವನು, ಹತ್ತು ವರ್ಷಕ್ಕೆ ಊರು ಬಿಟ್ಟವನು. ಇವತ್ತು ಎಂಟಕ್ಕೆ ಬಂದು ಬೀದಿಯನ್ನು ಕೊನೆಯ ಸಲ ನೋಡಿ ಒಪ್ಪಬೇಕಿತ್ತು.

ಕ್ಯಾಮೆರಾದವರ ತಂತಿ ಒಳಗೆ ಹೋಗಲೆಂದು ಹದಿನಾಲ್ಕನೇ ನಂಬರಿನ ವಠಾರದ ಹೊರಬಾಗಿಲು ತೆರೆದೇ ಇತ್ತು. ಒಳಗಿನ ಓಣಿಯಲ್ಲಿ, ಕೆಳ ಅಂತಸ್ತಿನ ಜೆಸ್ಸೀ ಮೆಕ್‌ಫೇಲ್ ಅವರ ಬಾಗಿಲ ಹಿಡಿಗೆ ದಾರ ಕಟ್ಟಿದ ರಟ್ಟಿನ ಚೀಟಿಯೊಂದು ತೂಗುತ್ತಿತ್ತು. ಓದದೆಯೇ ಮೈರಿಗೆ ಗೊತ್ತು: ಈ ವಾರ ಮೆಟ್ಟಿಲು ತೊಳೆಯುವ ಸರದಿ ನಿಮ್ಮದು. ಎಂಬತ್ತೊಂದು ವರ್ಷದ ಜೆಸ್ಸೀಗೆ ಅವಳು ವಾರದಿಂದ ಪರಿಚಯ. ಚಳಿಗಾಲದಲ್ಲಿ ಒಂದು ಸಲ ಒಲೆ ಆರಿಸಲು ಮರೆತದ್ದೇ ನೆಪವಾಗಿ ಪ್ರತಿ ಭಾನುವಾರ ಮಗಳು ಬಂದು ಇವತ್ತು ಯಾವ ತಾರೀಕು, ಪ್ರಧಾನಿ ಯಾರು ಎಂದು ಕೇಳುವುದನ್ನು ಜೆಸ್ಸೀ ತಮಾಷೆ ಮಾಡಿ ಹೇಳಿದ್ದಳು. ‘ಪ್ರಧಾನಿ ಹೆಸ್ರು ಮರೀಬೇಕು ಅಂತ್ಲೇ ನಾನು ಎಷ್ಟು ಒದ್ದಾಡ್ತಿದ್ದೀನಿ, ಇವಳು ಬಿಡಲ್ಲ ನೋಡು.’ ಆ ಮಂಡಿಗಳಿಗೆ ಈ ಮೆಟ್ಟಿಲು ಯಾಕೆ, ಒಳಗಿನ ಒಂದು ಮಜಲನ್ನು ತಾನೇ ತೊಳೆದುಕೊಟ್ಟರಾಯಿತು ಎಂದುಕೊಂಡು ಮೈರಿ ಟ್ಯಾಮ್‌ನ ಬಕೆಟ್ಟು ಬ್ರಷ್ಷು ಎತ್ತಿಕೊಂಡಳು. ಫ್ರೇಜರ್ ಮುಟ್ಟಬೇಡ ಎಂದದ್ದು ಬಾಲ್ಟಿಮೋರನ್ನು, ಇದು ಗ್ಲಾಸ್ಗೋ.

ಮೇಲಿಂದ ಕೆಳಗೆ, ಹಿಂದು ಹಿಂದಕ್ಕೆ ಇಳಿಯುತ್ತ ತೊಳೆಯಬೇಕು, ತೊಳೆದದ್ದನ್ನು ತುಳಿಯಬಾರದು. ಮೈರಿಗೆ ಇದನ್ನು ಕಲಿಸಿದ ಅಜ್ಜಿ ತೊಳೆಯುತ್ತ ಒಂದು ಮೆಟ್ಟಿಲಿಗೆ ಇಷ್ಟೆಂದು ಕಥೆಯನ್ನು ಅಳೆದು ಹೇಳುತ್ತಿದ್ದಳು. ಕುದುರೆಯ ವೇಷದಲ್ಲಿ ಬರುವ ಕೆರೆಯ ಭೂತ ಏಳನೆಯ ಮೆಟ್ಟಿಲಲ್ಲಿ ಹುಡುಗಿಯನ್ನು ಬೆನ್ನಿಗೇರಿಸಿಕೊಂಡರೆ ನಾಲ್ಕನೆಯದರಲ್ಲಿ ಕೆರೆಗೆ ಹಾರುತ್ತಿತ್ತು. ಕೊನೆಯ ಮೆಟ್ಟಿಲಿಗೆ ಹುಡುಗಿ ಒದ್ದೆ ಕೂದಲಲ್ಲಿ ಮನೆಗೆ ಬರಲೇಬೇಕು, ಇಲ್ಲದಿದ್ದರೆ ಮೈರಿ ಅಳುತ್ತಿದ್ದಳು. ಬ್ರಷ್ಷು ಕಲ್ಲಿನ ಮೇಲೆ ಸರ್ ಸರ್ ಎನ್ನುತ್ತಿತ್ತು. ಸಾಬೂನಿನ ವಾಸನೆ, ತಣ್ಣನೆಯ ನೀರು ಮುಂಗೈಗೆ ಹತ್ತಿ ತೋಳಿನೊಳಗೆ ಇಳಿಯುವುದು, ಮೊಣಕಾಲಿನ ಕೆಳಗೆ ಮಡಚಿದ ಗೋಣಿ. ಅಜ್ಜಿ ಹೋಗಿ ಮೂರು ವರ್ಷವಾಗಿದ್ದರೂ ಕೈಗಳಿಗೆ ಅದನ್ನು ಯಾರೂ ಹೇಳಿದಂತಿರಲಿಲ್ಲ. ತೊಳೆದ ಮೇಲೆ ಅಂಚಿಗೆ ಬಿಳಿ ಜೇಡಿಯಲ್ಲಿ ಸುರುಳಿ ಬಿಡಬೇಕು. ಬಿಡದಿದ್ದರೆ ಆ ಮನೆಯ ಹೆಂಗಸು ಇದ್ದಾಳೋ ಇಲ್ಲವೋ ಎಂದು ಬೀದಿಯವರು ಕೇಳುತ್ತಾರೆ. ಕಿಸೆಯಲ್ಲಿ ಗುರುತು ಹಾಕುವ ಬಳಪವಿತ್ತು. ಒಂದು ಸುರುಳಿ, ಒಳಗೊಂದು ಸುರುಳಿ, ಎಳೆ ಕಡಿಯದೆ ಮುಂದಿನದು. ಎಷ್ಟು ಸುಖವಾಗಿತ್ತೆಂದರೆ ಓಣಿ ಮುಗಿದದ್ದು, ಹೊಸ್ತಿಲು ದಾಟಿದ್ದು, ಬೆನ್ನಿಗೆ ಬಿಸಿಲು ತಾಗಿದ್ದು ಯಾವುದೂ ಅವಳಿಗೆ ಗೊತ್ತಾಗಲಿಲ್ಲ. ಕಾಲು ಕಾಲುದಾರಿಯ ಚಪ್ಪಡಿ ಮುಟ್ಟಿದಾಗ ಎದ್ದು ಸೊಂಟ ನೀವಿಕೊಂಡು ತಲೆಯೆತ್ತಿದಳು. ಎದುರಿಗೆ ಮೂರು ಮೆಟ್ಟಿಲು ಹಾಲಿನ ಹಾಗೆ ಬೆಳ್ಳಗಿದ್ದವು. ಕೊಳೆ ಕಂದು ನೀರಾಗಿ ಚರಂಡಿಗೆ ಹರಿದು ಹೋಗುತ್ತಿತ್ತು.

ಹೇಳಬೇಕೆಂದೇ ಅವಳು ಹೊರಟದ್ದು. ಬೀದಿಯ ಕೊನೆಯಲ್ಲಿ ಆಗಲೇ ಚಹಾದ ಗಾಡಿ ಬಂದಿತ್ತು. ಫ್ರೇಜರ್ ಅಲ್ಲಿಗೆ ಬರುತ್ತಾನೆ, ಬಂದ ಕೂಡಲೇ ಹೇಳುವುದು ಎಂದು ಹೋಗಿ ನಿಂತಳು. ‘ಫ್ರೇಜರ್, ಒಂದು ತಪ್ಪಾಯ್ತು’ ಎಂದೋ, ‘ನಗಬೇಡಿ, ಆದ್ರೆ’ ಎಂದೋ. ಎರಡನೆಯದು ಚೆನ್ನಾಗಿದೆ ಎಂದು ತೀರ್ಮಾನಿಸುವಷ್ಟರಲ್ಲಿ ಫ್ರೇಜರ್ ಇನ್ನೊಂದು ಕಡೆಯಿಂದ ಬಂದು ನೋಡಿಯಾಗಿತ್ತು. ಕೂಗು ಕೇಳಿ ಅವಳು ಓಡಿದಳು, ಕೈಯಲ್ಲಿ ಕಾಗದದ ಲೋಟ ಹಿಡಿದುಕೊಂಡೇ.

‘ಯಾರ್ರೋ ಇದನ್ನ ತೊಳ್ದಿದ್ದು?’

ಟ್ಯಾಮ್ ಮೆಟ್ಟಿಲ ಮುಂದೆ ಟೋಪಿ ತೆಗೆದು ನಿಂತಿದ್ದ. ‘ಎರಡು ದಿನ ಗುರೂ. ನನ್ನ ಜೀವಮಾನದ ಕೊಳೆ ಅದು. ಇಂಥಾ ಕೊಳೆ ಇನ್ನೊಂದು ಸಲ ಬರಲ್ಲ ನನ್ ಕೈಗೆ.’

‘ನಿನ್ನ ಅಂಗಿ ಬಿಚ್ಚಿ ಹಿಂಡು, ಬರುತ್ತೆ,’ ಎಂದ ಬಡಗಿಯೊಬ್ಬ.

‘ಮನೆಗೆ ಹೋಗಿ ಏನ್ ಹೇಳ್ಲಿ ಹೆಂಡ್ತಿಗೆ? ಅವಳಿಗೆ ಮೊದ್ಲೇ ನನ್ನ ಕೆಲಸ ಅಂದ್ರೆ ನಗು. ಇಪ್ಪತ್ತು ವರ್ಷದಿಂದ ಬಿಟ್ಟಿ ಕೊಳೆ ಮಾಡ್ತಾ ಬಂದಿದ್ದೀಯ ಅಂತಾಳೆ.’

ಫ್ರೇಜರ್ ಅವಳ ಕಡೆ ತಿರುಗಿದ. ‘ಮೈರಿ! ನೀನು ಇಲ್ಲೇ ಇದ್ದೆ ತಾನೆ? ಯಾರ್ ಬಂದ್ರು?’

ಆಗ ಒಳಗಿನಿಂದ ಜೆಸ್ಸೀ ಮೆಕ್‌ಫೇಲ್ ನೀಲಿ ನಿಲುವಂಗಿಯಲ್ಲಿ ಹೊರಗೆ ಬಂದಳು. ‘ಏನ್ರಪ್ಪಾ ಇದು ಗಲಾಟೆ? ಬಾಲ್ಟಿಮೋರಲ್ಲಿ ಯಾರಾದ್ರೂ ಸತ್ರಾ?’

ಫ್ರೇಜರ್‌ನ ಕಣ್ಣು ಬಾಗಿಲ ಹಿಡಿಯ ಚೀಟಿಯನ್ನು ನೋಡಿತು, ಅಂಚಿನ ಸುರುಳಿಗಳನ್ನು ನೋಡಿತು, ಆಮೇಲೆ ಮುದುಕಿಯನ್ನು. ಅವನ ದನಿ ಥಟ್ಟನೆ ಮೆತ್ತಗಾಯಿತು. ಆ ಮೆತ್ತಗಾದದ್ದೇ ಮೈರಿಗೆ ಭಯ ತಂದಿತು. ‘ಜೆಸ್ಸೀ ಅಮ್ಮಾ, ಮೆಟ್ಟಿಲು ತೊಳ್ದ್ರಾ ಬೆಳಗ್ಗೆ?’

‘ನಾನಾ? ಇಲ್ವಲ್ಲ.’ ನಗುತ್ತಲೇ ಅಂದಳು. ಆಮೇಲೆ ಮೆಟ್ಟಿಲು ನೋಡಿದಳು. ಒಳಗೆ ತಿರುಗಿ ಒದ್ದೆ ಓಣಿ ನೋಡಿದಳು, ಚೀಟಿ ನೋಡಿದಳು. ನಗು ಮುಖದಲ್ಲೇ ಉಳಿದು ಅದರ ಹಿಂದಿನಿಂದ ಜೆಸ್ಸೀ ಎಲ್ಲೋ ಹೋಗಿಬಿಟ್ಟ ಹಾಗಾಯಿತು. ತನ್ನ ಎರಡು ಅಂಗೈಗಳನ್ನು ಮೇಲೆ ಮಾಡಿ ನೋಡಿಕೊಂಡಳು. ‘ಸರದಿ ನಂದೇ. ಈ ಸುರುಳಿ ಬಿಡೋರು ಈ ಬೀದೀಲಿ ಇನ್ಯಾರಿದ್ದಾರೆ, ಎಲ್ರೂ ಸತ್ರಲ್ಲ. ನಾನೇ ಇರ್ಬೇಕಪ್ಪಾ. ನಾನೇ ತೊಳ್ದಿರ್ಬೇಕು.’

ಮೈರಿ ಬಾಯಿ ತೆರೆದಳು. ಹನ್ನೆರಡು ಜನ ಅವಳ ಕಡೆ ತಿರುಗಿದರು. ‘ಚಹಾ ತರ್ಲಾ?’ ಎಂಬ ಮಾತು ಅದರಿಂದ ಹೊರಬಿತ್ತು.

ಕೊನೆಕೊನೆಗೆ ಅಜ್ಜಿಗೆ ಕಥೆಗಳು ನಡುವಿನಲ್ಲಿ ಕಳೆದುಹೋಗುತ್ತಿದ್ದವು. ಹುಡುಗಿ ಕುದುರೆಯ ಬೆನ್ನಿನ ಮೇಲಿರುತ್ತಿದ್ದಳು, ಕೆರೆ ಎದುರಿಗಿರುತ್ತಿತ್ತು, ಅಜ್ಜಿ ನಿಂತುಬಿಡುತ್ತಿದ್ದಳು. ಒಂದು ಸಂಜೆ ಮೈರಿಗೆ ಬಸ್ಸಿಗೆ ಹೊತ್ತಾಗಿತ್ತು. ‘ನೀನು ಹೇಳಿ ಮುಗಿಸಿದೆಯಲ್ಲ ಅಜ್ಜಿ, ಈಗ ತಾನೆ,’ ಎಂದುಬಿಟ್ಟಳು ಕೋಟು ಹಾಕಿಕೊಳ್ಳುತ್ತ. ಅಜ್ಜಿ ಹೇಳಿರಲಿಲ್ಲ. ‘ಹೌದಾ, ಮುಗಿಸಿದ್ನಾ,’ ಎಂದು ಅಜ್ಜಿ ತನ್ನ ಅಂಗೈಗಳನ್ನು, ಹೀಗೆಯೇ, ಕಥೆಯ ಕೊನೆ ಅಲ್ಲೆಲ್ಲೋ ಅಂಟಿಕೊಂಡಿದ್ದೀತು ಎಂಬಂತೆ ನೋಡಿಕೊಂಡಿದ್ದಳು. ಬಸ್ಸು ಸಿಕ್ಕಿತ್ತು. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಅಲ್ಲಿ ಕೂತು ಅವಳು ಒಂದು ಬನ್ನು ತಿಂದಿದ್ದಳು.

ಎಂಟಕ್ಕೆ ಹತ್ತು ನಿಮಿಷವಿರುವಾಗ ವಾರೆನ್ ಪ್ರುಯಿಟ್ ಬಂದ. ಟ್ಯಾಮ್ ಅರ್ಧ ಮೆಟ್ಟಿಲಿಗೆ ಹೊಸ ಕೊಳೆ ಬಳಿದಿದ್ದ, ಒಣಗಿರಲಿಲ್ಲ. ‘ಒಂದು ಗಂಟೆ ಕೊಡಿ ಸಾರ್,’ ಎಂದು ಫ್ರೇಜರ್ ಅಂಗಲಾಚಿದ. ‘ಪಾಪ, ಆ ಅಮ್ಮನಿಗೆ ಗೊತ್ತಾಗಿಲ್ಲ, ವಯಸ್ಸಾಗಿದೆ.’ ಆ ಮಾತು ಬಾಗಿಲಲ್ಲಿದ್ದ ಜೆಸ್ಸೀಗೆ ಕೇಳಿಸಿತು. ಅವಳು ನಿಲುವಂಗಿಯ ಕೊರಳನ್ನು ಬಿಗಿಮಾಡಿಕೊಂಡದ್ದು ಮೈರಿಗೆ ಕಾಣಿಸಿತು. ವಾರೆನ್ ಅರವತ್ತು ದಾಟಿದ ದಪ್ಪ ಮನುಷ್ಯ. ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು ಮೇಲಿನ ಬಿಳಿ ಮೆಟ್ಟಿಲಿಗೆ ಕೈಯಿಟ್ಟು ಹಾಗೇ ಇಟ್ಟುಕೊಂಡಿದ್ದ.

‘ಶನಿವಾರ,’ ಎಂದ ಕೊನೆಗೆ. ‘ನಮ್ಮಜ್ಜಿ ಶನಿವಾರ ತೊಳೀತಿದ್ಲು. ಬೀದಿಯ ಅಷ್ಟೂ ಹೆಂಗಸರು ಸಾಲಾಗಿ ಮೊಣಕಾಲ ಮೇಲೆ. ಬಕೆಟ್ಟು, ಸಾಬೂನಿನ ಪುಡಿ, ಉಜ್ಜೋ ಕಲ್ಲು. ಗಂಡ ಕುಡುಕ ಆಗಿರಲಿ, ಕಿಟಕಿ ಗಾಜು ಒಡೆದು ರಟ್ಟು ಹಚ್ಚಿರಲಿ, ಮೆಟ್ಟಿಲು ಮಾತ್ರ ಬೆಳ್ಳಗೆ. ನಾವು ಹುಡುಗರು ಅದನ್ನ ಹಾರ್ಕೊಂಡು ಒಳಗೆ ಹೋಗ್ಬೇಕು. ಚಿತ್ರದ ಕಥೆಯಲ್ಲಿ ಹಾಳುಬಿದ್ದ ಬೀದಿ ಅಂತ ಬರ್ದಿದ್ದಾರೆ, ನಾನೂ ಕೊಳೆ ಅಂದ್ಬಿಟ್ಟೆ ನೋಡಿ. ಐವತ್ತು ವರ್ಷ ಆಯ್ತು, ಮರ್ತೇ ಹೋಗಿತ್ತು.’ ಎದ್ದ. ‘ಬೀದಿ ಕೊಳೆಯಾಗೇ ಇರ್ಲಿ. ಮೆಟ್ಟಿಲು ಎಲ್ಲಾ ತೊಳೀರಿ. ಎಲ್ಲಾ ಬಾಗಿಲಿಂದೂ.’

‘ಎಲ್ಲಾ?’ ಎಂದ ಟ್ಯಾಮ್. ಅವನ ಧ್ವನಿ ಹೆರಿಗೆ ಆಸ್ಪತ್ರೆಯಲ್ಲಿ ಕೂಸು ಬದಲಾಗಿದೆ ಎಂದು ಕೇಳಿದವನ ಹಾಗಿತ್ತು.

‘ಇದು ಬಾಲ್ಟಿಮೋರ್ ಕಣ್ರೀ. ಈಗ ಇದು ಬಾಲ್ಟಿಮೋರ್.’ ಆಮೇಲೆ ಬಗ್ಗಿ ನೋಡಿ, ‘ಈ ಸುರುಳಿ ಮಾತ್ರ ನಮ್ಮಲ್ಲಿರ್ಲಿಲ್ಲ. ಇದು ನಿಮ್ದೇ. ಇದನ್ನ ಅಳಿಸಿ,’ ಎಂದ.

ಅಳಿಸುವ ಕೆಲಸ ಮೈರಿಗೇ ಬಂತು. ಬಟ್ಟೆಯಿಂದ ಒಂದೊಂದೇ ಸುರುಳಿ ಒರೆಸುವಾಗ ಅವಳಿಗೆ ದುಃಖವಾಗಬೇಕಿತ್ತು, ವಿಚಿತ್ರವೆಂದರೆ ಹಾಯೆನಿಸಿತು. ಎರಡು ಊರುಗಳು ಇಷ್ಟು ದೂರ ಕೈ ಹಿಡಿದು ಬಂದು ಇಲ್ಲಿ ಬಿಟ್ಟವು, ಈ ಅಂಚಿನ ತನಕ ಒಂದೇ, ಈ ಅಂಚು ಬೇರೆ. ಮೇಜಿನ ಸುತ್ತ ಕೂತ ಹನ್ನೊಂದು ಜನರಿಗೆ ಹೇಳಲಾಗದೆ ತಾನು ತಡವರಿಸಿದ ಮಾತು ಇದೇ ಇರಬೇಕು. ಊರಿಗೆ ಊರು ಹೋಲುವುದು ಕಂಬದಲ್ಲಲ್ಲ, ಕಮಾನಿನಲ್ಲಲ್ಲ, ಮೊಣಕಾಲಿನಲ್ಲಿ. ಬೀದಿಯುದ್ದಕ್ಕೂ ಬಡಗಿಗಳು, ತಂತಿಯವರು, ಟೈ ಕಟ್ಟಿದ ಇಬ್ಬರು ಕೂಡ ಬ್ರಷ್ಷು ಹಿಡಿದು ಕೂತಿದ್ದರು. ‘ಜೆಸ್ಸೀ ಅಮ್ಮಾ, ಇದು ಸರಿ ಬಂತಾ ನೋಡಿ!’ ಎಂದು ಕೂಗುತ್ತಿದ್ದರು. ವಾರೆನ್ ಜೆಸ್ಸೀಯ ಎರಡೂ ಕೈ ಹಿಡಿದು ನೀವು ಇಡೀ ಚಿತ್ರವನ್ನೇ ಉಳಿಸಿದಿರಿ ಎಂದ. ಜೆಸ್ಸೀ ಕೆಂಪಾಗಿ ಮಗುವಿನ ಹಾಗೆ ನಕ್ಕಳು.

ಹಾಗಾದರೆ ಮುಗಿಯಿತಲ್ಲ, ಎಲ್ಲರಿಗೂ ಸಂತೋಷವೇ. ಮೊದಲು ಹೇಳಿದ್ದರೆ ಬೈಗುಳ ತಿನ್ನಬೇಕಿತ್ತು; ಈಗ ಹೇಳಿದರೆ ಮುದುಕಿಯ ಕೈಯಿಂದ ಹೊಗಳಿಕೆ ಕಸಿದುಕೊಂಡ ಹಾಗೆ. ಸುಮ್ಮನಿರುವುದೇ ದೊಡ್ಡತನ ಎಂದು ಮನಸ್ಸು ಎಷ್ಟು ಚೆನ್ನಾಗಿ, ಎಷ್ಟು ಬೇಗ ಹೇಳಿತೆಂದರೆ ಮೈರಿಗೆ ಅದರ ಮೇಲೆಯೇ ಗುಮಾನಿ ಬಂತು. ತಲೆಯೆತ್ತಿದಾಗ ಜೆಸ್ಸೀ ಬಾಗಿಲಲ್ಲಿರಲಿಲ್ಲ.

ಮೈರಿ ಒಳಗೆ ಹೋದಾಗ ಅವಳು ಅಡುಗೆಮನೆಯಲ್ಲಿ, ನಲ್ಲಿಯ ಕೆಳಗಿನ ಬೀರು ತೆರೆದು ಕೂತಿದ್ದಳು. ಮುಂದೆ ಅವಳದೇ ಬ್ರಷ್ಷು ಇತ್ತು. ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

‘ಒಣಗಿದೆ ನೋಡು ಮಗಳೇ,’ ಎಂದಳು ತಿರುಗದೆ. ‘ಅಷ್ಟು ಬೇಗ ಒಣಗುತ್ತಾ? ಗೋಣಿನೂ ಒಣಗಿದೆ. ಎಲ್ರೂ ಶಭಾಷ್ ಅಂತಿದ್ದಾರೆ, ನಂಗೆ ಒಂದು ಹನಿ ನೀರು ಮುಟ್ಟಿದ ನೆನಪಿಲ್ಲ. ಭಾನುವಾರ ಅವಳಿಗೆ ಹೇಳ್ಬೇಡ ಕಣೇ. ನೀನು ನಮ್ ಮಗಳಿಗೆ ಏನೂ ಹೇಳ್ಬೇಡ.’

‘ನೀವಲ್ಲ.’

‘ಏನು?’

‘ನೀವು ತೊಳೀಲಿಲ್ಲ. ನಾನು ತೊಳ್ದೆ. ಒಳಗಿಂದ ತೊಳ್ಕೊಂಡು ಬಂದೆ, ಬೆನ್ನು ಹಿಂದೆ ಮಾಡ್ಕೊಂಡು. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗ್ಲಿಲ್ಲ. ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ.’ ಅಷ್ಟು ಹೇಳುವಷ್ಟರಲ್ಲಿ ಅವಳ ಕಿವಿ ಸುಡುತ್ತಿತ್ತು. ‘ನೀವು ಕೈ ನೋಡ್ಕೊಂಡ್ರಲ್ಲ, ಆಗ್ಲೇ ಹೇಳ್ಬೇಕಿತ್ತು. ಹೇಳ್ಲಿಲ್ಲ.’

ಜೆಸ್ಸೀ ಬ್ರಷ್ಷು ಬಿಟ್ಟು ಅವಳ ಕಡೆ ತಿರುಗಿದಳು. ‘ನೀನು?’ ಎಂದಳು. ‘ಕತ್ತೆ ಮುಂಡೇದೇ! ಒಂದೂವರೆ ಗಂಟೆಯಿಂದ ನಾನು ಇಲ್ಲಿ ನನ್ನ ತಲೇನ ಹೂಳಿ ತಿಥಿ ಮಾಡ್ತಾ ಕೂತಿದ್ದೀನಿ!’ ಬ್ರಷ್ಷು ಎತ್ತಿ ಹೊಡೆಯಲು ಬಂದವಳು ಅರ್ಧದಲ್ಲಿ ನಿಂತು ಅದನ್ನು ಎದೆಗೆ ಒತ್ತಿಕೊಂಡಳು. ಅವಳ ಕಣ್ಣು ತುಂಬಿತ್ತು. ‘ಮತ್ತೆ ಆ ಸುರುಳಿ? ಅದನ್ನ ನೋಡಿ ನಂಗೆ ಅನ್ನಿಸ್ತು, ಏನಿದು, ನಮ್ಮಮ್ಮ ಬಲಕ್ಕೆ ತಿರುಗಿಸ್ತಿದ್ಲು, ಇದು ಎಡಕ್ಕೆ ಹೋಗಿದೆ, ನನ್ನ ಕೈ ಕೂಡ ಕೆಟ್ಟು ಹೋಯ್ತಾ ಅಂತ. ಯಾರೇ ನಿಂಗೆ ಕಲ್ಸಿದ್ದು?’

‘ಅಜ್ಜಿ.’

‘ಎಡಗೈಯವಳಾ?’

‘ಹೌದು,’ ಎಂದಳು ಮೈರಿ. ಇಷ್ಟು ವರ್ಷ ಅದು ತನಗೆ ಹೊಳೆದೇ ಇರಲಿಲ್ಲ. ಅಜ್ಜಿಯ ಸೂಜಿ, ಚಮಚ, ಬಾಚಣಿಗೆ ಎಲ್ಲ ಒಮ್ಮೆಲೇ ಎಡಗೈಯಲ್ಲಿ ಬಂದು ನಿಂತವು.

ಜೆಸ್ಸೀ ಆಗಲೇ ಕಿಟಕಿ ಮೇಲೆತ್ತಿ ಅರ್ಧ ಹೊರಗೆ ಬಾಗಿದ್ದಳು. ಹೊಗಳಿಕೆ ಹೋಗುತ್ತದೆಂಬ ಯೋಚನೆ ಅವಳ ಬಳಿ ಸುಳಿದಂತಿರಲಿಲ್ಲ.

‘ಏಯ್ ಕೊಳೆಯವ್ನೇ! ಫ್ರೇಜರಪ್ಪಾ! ಎಲ್ರೂ ಕೇಳಿಸ್ಕೊಳ್ಳಿ. ತೊಳ್ದಿದ್ದು ನಾನಲ್ಲ, ಈ ಹುಡುಗಿ. ವಯಸ್ಸಾಗಿದೆ ಅಂದೋರು ಯಾರು, ಮುಂದೆ ಬನ್ನಿ!’

ಬೀದಿಯಲ್ಲಿ ಬ್ರಷ್ಷುಗಳೆಲ್ಲ ನಿಂತವು. ಎಲ್ಲ ಮುಖಗಳೂ ಕಿಟಕಿಯತ್ತ ತಿರುಗಿ, ಜೆಸ್ಸೀಯ ಭುಜದ ಹಿಂದೆ ನಿಂತಿದ್ದ ಮೈರಿಯನ್ನು ಹುಡುಕಿ ಕಂಡುಕೊಂಡವು. ಟ್ಯಾಮ್ ಎರಡೂ ಕೈ ಆಕಾಶಕ್ಕೆತ್ತಿದ. ಫ್ರೇಜರ್ ಮೂರು ಬೆರಳು ತೋರಿಸಿ, ಅವನ್ನು ಒಂದೊಂದಾಗಿ ಮಡಚಿದ. ಯಾರೋ ಗಹಗಹಿಸಿದರು. ಈ ಸಲ ಅವಳು ತಲೆ ತಗ್ಗಿಸಲಿಲ್ಲ. ಬೆಚ್ಚಗಿನ ನೀರಿಗೆ ಇಳಿದ ಹಾಗೆ ಆ ನಗುವಿನೊಳಗೆ ನಿಂತಳು.

‘ಸರಿ ಅಮ್ಮಾ, ಕಿಟಕಿ ಹಾಕಿ,’ ಎಂದು ಕೂಗಿದ ಫ್ರೇಜರ್. ‘ಚಿತ್ರೀಕರಣ ಶುರು ಮಾಡ್ಬೇಕು, ಬೆಳಕು ಹೋಗುತ್ತೆ.’

‘ಹಾಕಲ್ಲ. ಮೊದ್ಲು ಕೇಳು, ನಂಗೆ ಎಲ್ಲಾ ನೆನಪಿದೆ. ಐದಕ್ಕೆ ಎಚ್ಚರ ಆಯ್ತು, ಮತ್ತೆ ಮಲ್ಕೊಂಡೆ. ಆರಕ್ಕೆ ಎದ್ದೆ. ಎಡಗಾಲಿನ ಚಪ್ಪಲಿ ಮಂಚದ ಕೆಳಗೆ ಹೋಗಿತ್ತು, ಕೊಡೆ ಹಾಕಿ ಎಳ್ಕೊಂಡೆ. ಹೊರಗೆ ಬ್ರಷ್ಷಿನ ಸದ್ದು ಕೇಳ್ತು, ನಿಮ್ಮವರೇ ಅಂತ ಸುಮ್ನಾದೆ. ನೋಡಿ, ಸದ್ದು ಕೇಳಿದ್ದೆ! ಬಿಳಿ ಗುಳಿಗೆ ಒಂದು ನುಂಗಿದೆ, ಹಳದಿ ಅರ್ಧ...’

ಸಹಾಯಕನೊಬ್ಬ ಸದ್ದು ಮಾಡಬೇಡಿ ಎಂದು ಕೈಯೆತ್ತಿದ. ವಾರೆನ್ ಅವನ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ತೊಳೆದ ಮೆಟ್ಟಿಲೊಂದರ ಮೇಲೆ ಟೋಪಿ ಹಾಸಿ ಕೂತ. ಬಿಸಿಲು ಅಂಚೆಪೆಟ್ಟಿಗೆ ದಾಟಿ ಕಾರಿನ ಮೇಲೆ ಬಂದಿತ್ತು. ಬಾಲ್ಟಿಮೋರ್ ಇಡೀ ಬ್ರಷ್ಷು ಹಿಡಿದು ಕಾಯುತ್ತಿತ್ತು. ಜೆಸ್ಸೀ ಮೆಕ್‌ಫೇಲ್ ತನ್ನ ಬೆಳಗಿನ ಲೆಕ್ಕದಲ್ಲಿ ಇನ್ನೂ ಆರೂಕಾಲಿಗೆ ಬಂದಿದ್ದಳಷ್ಟೆ.